ಹಗೇವಿನ ದನಿ

ಗುಡೂರು
13 ಜನವರಿ 2025, ಸೋಮವಾರ

ಪದ್ಮಶ್ರೀ,

ನಿನ್ನೆ ರವಿವಾರ ಸಂಜೆ ನಿನ್ನ ಅವ್ವ ಹಿತ್ತಲಿನಲ್ಲಿ ನೆಲದಡಿಯ ಜೋಳದ ಹಗೇವಿನ ಮೇಲೆ ಮುಚ್ಚಿದ ಕಲ್ಲಿಗೆ ಕಿವಿ ಹಚ್ಚಿ ಮಲಗಿದ್ದರು. ಇದನ್ನು ಮೊದಲು ನೋಡಿದವಳು, ನನಗೆ ಹೇಳಿದವಳು ಪಕ್ಕದ ಮನೆಯ ಅಬೇದಾ. ನಾನು ಗ್ರಂಥಾಲಯದ ಬಾಗಿಲು ಹಾಕಿಕೊಂಡು ಆಗ ತಾನೇ ಮನೆಗೆ ಬಂದಿದ್ದೆ.

ಕಾರಣ ತಿಳಿದದ್ದೂ ಅವಳಿಂದಲೇ. ನೀನು ಸಂಗೀತ ಮಾಡಿದ ಹೊಸ ಸಿನಿಮಾದ ಟ್ರೇಲರ್ ಅವಳ ಫೋನಿಗೆ ಬಂದಿದೆ. ಕೊನೆಯಲ್ಲಿ ನಿನ್ನ ಹೆಸರು ಕಂಡ ಖುಷಿಗೆ ಅತ್ತೆಗೆ ತೋರಿಸಲು ಓಡಿ ಬಂದಿದ್ದಾಳೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಅವ್ವಾರ, ಇಲ್ಲೆ ನೋಡ್ರಿ, ನಿಮ್ಮ ಪದ್ಮಶ್ರೀ ಹೆಸರ!" ಎಂದು ಫೋನ್ ಮುಖದ ಮುಂದೆ ಹಿಡಿದಳಂತೆ. ಅತ್ತೆ ಚಿತ್ರ ನೋಡಲಿಲ್ಲ. ಬಡಿಯುವ ಕೈ ನಿಂತಿತು.

"ರಾಚಪ್ಪ ಹಾಡಾಕತ್ತಾನ" ಎಂದರು.

"ಯಾ ರಾಚಪ್ಪರಿ? ಇದು ದೆವ್ವದ ಸಿನಿಮಾ ಐತ್ರಿ" ಎಂದುಬಿಟ್ಟ ಅಬೇದಾ ಆಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅತ್ತೆ ಎದ್ದು ಹಿತ್ತಲಿಗೆ ಹೋಗಿದ್ದರು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾಗಿತ್ತು.

ನಿನ್ನ ಅಣ್ಣ ಜೋಳ ತೆಗೆಯಲು ಹೋಗಿ ಆ ಹಗೇವಿನಲ್ಲಿ ಉಸಿರುಕಟ್ಟಿ ತೀರಿಕೊಂಡ ಮೇಲೆ ಮುಚ್ಚಿಸಿದ ಆ ಕಲ್ಲನ್ನು ಯಾರೂ ಸರಿಸಿಲ್ಲ. ಅತ್ತೆ ಅದರ ಹತ್ತಿರ ಹೋದದ್ದನ್ನು ಇಷ್ಟು ವರ್ಷಗಳಲ್ಲಿ ನಾನು ನೋಡಿರಲಿಲ್ಲ. ಬಟ್ಟೆ ಒಣಹಾಕುವುದಕ್ಕೂ ಆ ಕಡೆ ಹೋಗುತ್ತಿರಲಿಲ್ಲ.

ರಾತ್ರಿ ಊಟದ ಮೊದಲು ಅಬೇದಾಳ ಮನೆಗೆ ಹೋಗಿ ನಾನೂ ಟ್ರೇಲರ್ ಕೇಳಿದೆ. ಅದರಲ್ಲಿ ಮನುಷ್ಯರು ಹಾಡಿದ್ದು ಇಲ್ಲ. ವಯೋಲಿನ್ ತರಹದ ದೊಡ್ಡ ವಾದ್ಯಗಳು ಒಂದೇ ಸ್ವರವನ್ನು ಎಳೆಯುತ್ತವೆ. ಆದರೆ ಆ ದನಿ ಸುತ್ತಿ ಸುತ್ತಿ ಮೇಲೆ ಬರುವ ರೀತಿ ನಮ್ಮ ಹಗೇವಿನದು. ನಿನ್ನ ಅಣ್ಣ ಪ್ರತಿ ವರ್ಷ ಹಗೇವಿನ ಕಸ ಗುಡಿಸಲು ಇಳಿದಾಗ ಒಳಗೆ ನಿಂತು ಹಾಡುವುದನ್ನು ನಾನು ಕೇಳಿದ್ದೇನೆ. ಆದ್ದರಿಂದ ನನಗೆ ಅನುಮಾನವಿಲ್ಲ. ಆದರೂ ನಿನ್ನನ್ನೇ ಕೇಳುತ್ತಿದ್ದೇನೆ. ಅದು ಹೌದೋ ಅಲ್ಲವೋ?

ಫೋನ್ ಮಾಡಲಿಲ್ಲ. ಈ ಮನೆಯಲ್ಲಿ ಫೋನಿನ ಮಾತು ಅತ್ತೆಗೆ ಯಾವ ಮೂಲೆಯಲ್ಲಿದ್ದರೂ ಕೇಳಿಸುತ್ತದೆ. ಪತ್ರವನ್ನು ಅವರು ಓದಲಾರರು. ನೀನೂ ಪತ್ರವನ್ನೇ ಬರೆ, ಗ್ರಂಥಾಲಯದ ವಿಳಾಸಕ್ಕೆ.

ನಿನ್ನ ವೈನಿ,
ಬಸವೇಶ್ವರಿ


ಹೈದರಾಬಾದ್
19 ಜನವರಿ 2025

ವೈನಿ,

ಹೌದು. ಅದು ನಮ್ಮ ಹಗೇವು.

ನಿಮ್ಮ ಪತ್ರ ದಿನಪತ್ರಿಕೆಯ ಸುದ್ದಿಯಂತೆ ಇರುತ್ತದೆಂದು ಹಿಂದೆ ತಮಾಷೆ ಮಾಡುತ್ತಿದ್ದೆ. ಈ ಸಲ ನಾಲ್ಕು ಬಾರಿ ಓದಿದೆ, ತಮಾಷೆ ಹೊಳೆಯಲಿಲ್ಲ. ನಾನೂ ಇದ್ದದ್ದನ್ನು ಇದ್ದಂತೆ ಹೇಳಲು ಪ್ರಯತ್ನಿಸುತ್ತೇನೆ.

2017ರ ಶಿವರಾತ್ರಿಗೆ ಊರಿಗೆ ಬಂದಿದ್ದೆನಲ್ಲ, ಆಗ ಇಲಕಲ್ಲಿನ ಬಸ್ ನಿಲ್ದಾಣದ ಹತ್ತಿರ ಒಂದು ಪಾಕೀಟು ಫುಗ್ಗೆ ತಂದಿದ್ದೆ. ರಾಚಪ್ಪಣ್ಣ ಹಗೇವನ್ನು ತೆರೆದು ಎರಡು ದಿನ ಗಾಳಿಗೆ ಬಿಟ್ಟು, ದೀಪ ಇಳಿಸಿ, ಅದು ಆರುವುದಿಲ್ಲವೆಂದು ನೋಡಿ, ನನ್ನ ನಡುವಿಗೆ ಹಗ್ಗ ಕಟ್ಟಿ ಒಳಗೆ ಬಿಟ್ಟ. ಹಿಂದೆಯೇ ತಾನೂ ಇಳಿದ. ನಾನು ಫುಗ್ಗೆ ಊದತೊಡಗಿದಾಗ, "ಹಗೇವಿನಾಗ ಯಾರ ಹುಟ್ಟಿದ ಹಬ್ಬ ಮಾಡ್ತಿ ಹುಚ್ಚಿ? ಇಲಿದೇನು?" ಎಂದು ನಕ್ಕ. ನಾನು ಮೈಕು ನಿಲ್ಲಿಸಿ ಒಂದೊಂದೇ ಫುಗ್ಗೆ ಒಡೆದೆ. ಒಡೆದ ಸದ್ದು ಗೋಡೆಯಿಂದ ಗೋಡೆಗೆ ಹೊಡೆದು ಬಹಳ ಹೊತ್ತು ಉಳಿಯಿತು. ಅಣ್ಣನ ನಗು ನಿಂತಿತು. "ಭಾಳ ಹೊತ್ತು ಇರ್ತೈತಲ್ಲ" ಎಂದ.

ನಮ್ಮ ಕೆಲಸದಲ್ಲಿ ಇದೊಂದು ರೂಢಿ. ಒಂದು ಜಾಗದಲ್ಲಿ ಸದ್ದು ಹೇಗೆ ಹುಟ್ಟಿ ಹೇಗೆ ಆರುತ್ತದೆಂದು ಒಮ್ಮೆ ಹಿಡಿದಿಟ್ಟರೆ, ಆಮೇಲೆ ಯಾವ ವಾದ್ಯವನ್ನಾದರೂ ಕಂಪ್ಯೂಟರಿನಲ್ಲಿ ಆ ಜಾಗದೊಳಗೆ ಇಡಬಹುದು. ಗುಡಿಗಳಲ್ಲಿ, ಬಾವಿಗಳಲ್ಲಿ, ಬದಾಮಿಯ ಬಂಡೆಗಳ ಸಂದಿಯಲ್ಲಿ ಹೀಗೆ ಹಿಡಿದಿಟ್ಟ ಸದ್ದುಗಳು ನನ್ನಲ್ಲಿವೆ. ಹಗೇವಿನದನ್ನು ಮಾತ್ರ ಅಣ್ಣ ಹೋದ ಮೇಲೆ ತೆರೆದಿರಲಿಲ್ಲ.

ಈ ಸಿನಿಮಾ ವಿಜ್ಞಾನಿಗಳದ್ದು. ಭೂಮಿಯ ಆಳಕ್ಕೆ ಕೊರೆದ ರಂಧ್ರದಿಂದ ಏನೋ ಉತ್ತರ ಬರುತ್ತದೆ. ನಿರ್ದೇಶಕರು ಒಂದೇ ಮಾತು ಹೇಳಿದ್ದರು: ಕೇಳಿದವರಿಗೆ ಅದು ಮನುಷ್ಯರ ದನಿಯೋ ಅಲ್ಲವೋ ಗೊತ್ತಾಗಬಾರದು, ಗೊತ್ತಾದ ಕ್ಷಣ ಭಯ ಹೋಗುತ್ತದೆ. ಬುಡಾಪೆಸ್ಟಿನ ಒಂದು ವಾದ್ಯವೃಂದ ನಾನು ಬರೆದದ್ದನ್ನು ನುಡಿಸಿ ಕಳಿಸಿತು. ಎಂಟು ಸೆಲ್ಲೋ, ನಾಲ್ಕು ಡಬಲ್ ಬಾಸ್, ಎಲ್ಲರಿಗೂ ಒಂದೇ ಕೆಳಸ್ವರ. ಒಬ್ಬೊಬ್ಬರೂ ಕೂದಲೆಳೆಯಷ್ಟು ಆಚೀಚೆ ಸರಿಯುತ್ತ ಹೋಗಬೇಕು. ಚೆನ್ನಾಗಿ ನುಡಿಸಿದ್ದರು. ಆದರೆ ಅದು ವಾದ್ಯಗಳಂತೆಯೇ ಕೇಳಿಸುತ್ತಿತ್ತು. ಗುಡಿಯಲ್ಲಿಟ್ಟೆ, ಬಾವಿಯಲ್ಲಿಟ್ಟೆ, ಆಗಲಿಲ್ಲ. ಕೊನೆಗೆ ಹಗೇವಿನಲ್ಲಿಟ್ಟೆ. ಜೋಳ ಎಂದರೇನೆಂದು ತಿಳಿಯದ ಹನ್ನೆರಡು ಜನ ನಮ್ಮ ಹಿತ್ತಲಿನ ನೆಲದಡಿ ಕುಳಿತು ನುಡಿಸಿದರು. ನಾನು ಎದ್ದು ಸ್ಟುಡಿಯೋದ ಎಲ್ಲ ದೀಪ ಹಾಕಿದೆ.

ಅದರಲ್ಲಿ ಅಣ್ಣನ ದನಿ ಇಲ್ಲ ವೈನಿ. ಒಂದು ಉಸಿರೂ ಇಲ್ಲ. ಅವನು ಮಾತಾಡಿದ ಭಾಗವನ್ನೆಲ್ಲ ಆಗಲೇ ಕತ್ತರಿಸಿದ್ದೆ.

ಕೊನೆಯ ಮಿಕ್ಸಿಂಗ್ ಫೆಬ್ರುವರಿ 28ಕ್ಕೆ. ಅಲ್ಲಿಯವರೆಗೆ ಅದನ್ನು ತೆಗೆಯಬಹುದು. ನೀವು ಹೇಳಿದರೆ ತೆಗೆಯುತ್ತೇನೆ. ಅವ್ವ ಹೇಗಿದ್ದಾಳೆ?

ಪದ್ಮಶ್ರೀ


ಗುಡೂರು
3 ಫೆಬ್ರುವರಿ 2025

ಪದ್ಮಶ್ರೀ,

ಅತ್ತೆ ಕಲ್ಲು ಸರಿಸಲು ಶುರು ಮಾಡಿದ್ದಾರೆ. ಶುಕ್ರವಾರ ಅಬೇದಾ ಗೋಡೆಯಾಚೆಯಿಂದ ನೋಡಿ ಕೂಗಿಕೊಂಡಳು. ನಾನು ಬರುವಷ್ಟರಲ್ಲಿ ಒಂದು ಬದಿಯ ಮಣ್ಣು ಕೆತ್ತಿಯಾಗಿತ್ತು. ಎಷ್ಟೋ ವರ್ಷ ಮುಚ್ಚಿದ ಹಗೇವಿನೊಳಗಿನ ಗಾಳಿ ಎಂಥದ್ದೆಂದು ಈ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಮತ್ತು ಅಬೇದಾ ಸೇರಿ ಒಡೆದ ಒರಳುಕಲ್ಲನ್ನು ಉರುಳಿಸಿ ಅದರ ಮೇಲಿಟ್ಟೆವು. ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡಿದರು. "ಇಡ್ರಿ, ಇಡ್ರಿ. ಇಬ್ಬರಿಗೂ ನಡ ಹಿಡಿದ ಮ್ಯಾಲ ನಾನs ತಿಕ್ತೀನಿ" ಎಂದರು. ಅಬೇದಾಗೆ ನಗು ಬಂತು. ನನಗೆ ಬರಲಿಲ್ಲ.

ಅಬೇದಾಳ ಫೋನಿನಲ್ಲಿ ಟ್ರೇಲರ್ ಇನ್ನೂ ಇತ್ತು. ಅಳಿಸಲು ಹೇಳಿದೆ. ಅಳಿಸಿದಳು. ಅತ್ತೆ ಎರಡು ಮನೆ ದಾಟಿ ಹೋಗಿ ಬೇರೆಯವರ ಫೋನಿನಲ್ಲಿ ಹಚ್ಚಿಸಿ ಕೇಳಿ ಬಂದರು.

ಅವರು ಏನು ಕೇಳುತ್ತಿದ್ದಾರೆಂದು ನಿನಗೆ ಗೊತ್ತು. ನಾವು ಈ ಮನೆಯಲ್ಲಿ ಆಡಿರದ ಮಾತು ಅದು. ಆ ದಿನ ಪಂಚನಾಮೆಗೆ ಬಂದ ಹವಾಲ್ದಾರ, "ನೀವು ಒಳಗ ಅಡಿಗಿ ಮನ್ಯಾಗ ಇದ್ರೆಲ್ಲ, ಮಗ ಒದರಿದ್ದು ಕೇಳಿಸ್ಲಿಲ್ಲೇನ್ರಿ?" ಎಂದು ಕೇಳಿದ. "ಕೇಳಿಸ್ತು. ಹಾಡಾಕತ್ತಿದ್ದ" ಎಂದರು ಅತ್ತೆ. ಅಂಗಳದಲ್ಲಿ ಓಣಿಯ ಜನವೆಲ್ಲ ನಿಂತಿತ್ತು. ಅವನು ಯಾವಾಗಲೂ ಅಲ್ಲಿ ಹಾಡುತ್ತಿದ್ದ, ಅದಕ್ಕೇ ಪಾಪ ಕೂಗಿದ್ದೂ ಹಾಡೆಂದು ತಿಳಿದಳು ಎಂದು ಎಲ್ಲರೂ ಅಂದುಕೊಂಡರು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಅತ್ತೆಯೂ ಮತ್ತೆ ಆ ಮಾತು ಎತ್ತಲಿಲ್ಲ. ನಾನು ಆ ದಿನ ಹುನಗುಂದಕ್ಕೆ ಮೀಟಿಂಗಿಗೆ ಹೋಗಿದ್ದೆ.

ನಿನ್ನೆ ನನ್ನನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಬರೆಸಿದ್ದಾರೆ. ಅವರ ಮಾತಿನಲ್ಲಿಯೇ ಬರೆಯುತ್ತಿದ್ದೇನೆ:

"ಪದ್ಮಶ್ರೀ, ನಿನ್ನ ಮಷೀನಿಗೆ ನಮ್ಮ ಹಗೇವ ಗೊತ್ತೈತೆಲ್ಲ, ಅದನ್ನ ಕೇಳಿ ಹೇಳು. ಒಳಗಿದ್ದಾಂವ 'ಯವ್ವಾ, ಹಗ್ಗ ಒಗಿ' ಅಂತ ಒದರಿದ್ರ, ಒಲಿ ಮುಂದ ಕುಂತಾಕಿಗೆ ಒದರಿದಂಗ ಕೇಳಸ್ತೈತೋ, ಹಾಡಿದಂಗ ಕೇಳಸ್ತೈತೋ? ನನ್ನ ಮನಸಿಗೆ ಚಂದ ಆಗ್ಲೆಂತ ಸುಳ್ಳು ಹೇಳಬ್ಯಾಡ. ಖರೆ ಹೇಳು."

ಉತ್ತರ ಬರುವವರೆಗೆ ಕಲ್ಲು ಮುಟ್ಟುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾರೆ.

ಬಸವೇಶ್ವರಿ


ಹೈದರಾಬಾದ್
10 ಫೆಬ್ರುವರಿ 2025

ವೈನಿ,

ಈ ಪತ್ರವನ್ನು ಅವ್ವನಿಗೆ ಓದಬೇಡಿ.

ಪ್ರಶ್ನೆ ಬಂದ ದಿನವೇ ಮಾಡಿ ನೋಡಿದೆ. ನಾನೇ ಮೈಕಿನ ಮುಂದೆ ನಿಂತು, "ಯವ್ವಾ, ಹಗ್ಗ ಒಗಿ" ಎಂದು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಕೋಣೆಯಲ್ಲಿದ್ದ ನವೀದ, ನನ್ನ ಸೌಂಡ್ ಎಂಜಿನಿಯರ್, ಓಡಿ ಬಂದ. ಅವನಿಗೆ ಏನೂ ಹೇಳಲಿಲ್ಲ. ಕೂಗನ್ನು ಹಗೇವಿನಲ್ಲಿಟ್ಟೆ. ಹಗೇವಿನ ಬಾಯಿಯಿಂದ ಅಡಿಗೆಮನೆಯವರೆಗಿನ ದೂರ, ನಡುವಿನ ಮಣ್ಣಿನ ಗೋಡೆ, ಅರ್ಧ ತೆರೆದ ಕಿಟಕಿ ಎಲ್ಲವನ್ನೂ ನೆನಪಿದ್ದಷ್ಟು ಲೆಕ್ಕಕ್ಕೆ ತೆಗೆದುಕೊಂಡೆ.

"ಹಗ್ಗ" ಎಂಬುದು ಉಳಿಯಲಿಲ್ಲ. "ಒಗಿ" ಎಂಬುದೂ ಉಳಿಯಲಿಲ್ಲ. ಮೊದಲ ಮಾತು ಆರುವ ಮೊದಲೇ ಎರಡನೆಯದು ಅದರ ಮೇಲೆ ಬೀಳುತ್ತದೆ. ಅಡಿಗೆಮನೆಗೆ ಬಂದು ಮುಟ್ಟುವುದು ಎಳೆದು ಎಳೆದು ಏರುವ ಒಂದು "ಆ" ಮಾತ್ರ. ನವೀದನನ್ನು ಕರೆದು ಕೇಳಿಸಿ, ಏನಿದು ಎಂದು ಕೇಳಿದೆ. "ಯಾರೋ ಆಲಾಪ ಮಾಡುತ್ತಿದ್ದಾರೆ" ಎಂದ.

ಸಿನಿಮಾಕ್ಕೆ ಇದೇ ಬೇಕಾಗಿತ್ತು. ಮನುಷ್ಯರದೋ ಅಲ್ಲವೋ ಗೊತ್ತಾಗದ ದನಿ. ಅದಕ್ಕೆ ನನಗೆ ಶಾಭಾಷ್ ಎಂದಿದ್ದಾರೆ.

ಅವ್ವನಿಗೆ ಏನು ಹೇಳಬೇಕೆಂದು ನೀವೇ ನಿರ್ಧರಿಸಿ. ಯಾರೇ ಒಲೆಯ ಮುಂದೆ ಕುಳಿತಿದ್ದರೂ ಹಾಡೆಂದೇ ತಿಳಿಯುತ್ತಿದ್ದರು, ಅವಳದೇನೂ ತಪ್ಪಿಲ್ಲ ಎಂದು ಹೇಳಬಹುದು. ಅದು ನಿಜ. ಆದರೆ ಹಾಗೆ ಹೇಳಿದರೆ ಅಣ್ಣ ಕರೆದದ್ದೂ ನಿಜವಾಗುತ್ತದೆ. ಅವಳಿಗೆ ಕೇಳಿಸಿದ್ದೂ ನಿಜವಾಗುತ್ತದೆ.

ಪದ್ಮಶ್ರೀ


ಹೈದರಾಬಾದ್
11 ಫೆಬ್ರುವರಿ 2025

ವೈನಿ,

ನಿನ್ನೆಯ ಪತ್ರವನ್ನು ನಂಬಬೇಡಿ. ತಪ್ಪು ಮಾಡಿದ್ದೇನೆ.

ಬೆಳಿಗ್ಗೆ ಹಳೆಯ ಫೈಲಿನ ಮೇಲೆ ನಾನೇ ಬರೆದ ಹೆಸರು ನೋಡಿದೆ: "ಹಗೇವು, ಶಿವರಾತ್ರಿ." ಶಿವರಾತ್ರಿಗೆ ಹಗೇವು ಖಾಲಿ ಇರುತ್ತದೆ. ಹಳೆಯ ಜೋಳ ಮುಗಿದಿರುತ್ತದೆ, ಹೊಸದು ಇನ್ನೂ ರಾಶಿಯಾಗಿರುವುದಿಲ್ಲ. ಅಣ್ಣ ಹೋದದ್ದು ಶ್ರಾವಣದಲ್ಲಿ.

ಅವನು ಒಳಗೆ ನಿಂತು ಹಾಡುತ್ತಿದ್ದದ್ದೂ ಖಾಲಿ ಹಗೇವಿನಲ್ಲಿಯೇ. ನಮ್ಮೆಲ್ಲರ ಕಿವಿಯಲ್ಲಿ ಉಳಿದಿರುವ ಹಗೇವು ಖಾಲಿ ಹಗೇವು. ನಾನು ಅದನ್ನೇ ಹಿಡಿದೆ, ಅದನ್ನೇ ಸಿನಿಮಾಕ್ಕೆ ಹಾಕಿದೆ, ಅದರೊಳಗೇ ನಿಂತು ಕೂಗಿದೆ.

ಆ ದಿನ ಜೋಳ ಎಲ್ಲಿಯವರೆಗೆ ಇತ್ತು? ಅಂದಾಜು ಬೇಡ. ಗೊತ್ತಿದ್ದಷ್ಟು ಬರೆಯಿರಿ.

ಪದ್ಮಶ್ರೀ


ಗುಡೂರು
20 ಫೆಬ್ರುವರಿ 2025

ಪದ್ಮಶ್ರೀ,

ನಿನ್ನ ಎರಡೂ ಪತ್ರಗಳು ಒಂದೇ ದಿನ ಕೈಸೇರಿದವು. ಮೊದಲು ಒಡೆದದ್ದು ಹತ್ತನೆಯ ತಾರೀಖಿನದು. ಅದನ್ನು ಓದಿ ಮಡಚಿ, ಇನ್ನೊಂದನ್ನು ಒಡೆಯಲು ಬಹಳ ಹೊತ್ತು ಬೇಕಾಯಿತು. ಓದಲು ಬಂದವರು ಪೇಪರು ಮಡಿಸಿಟ್ಟು ಹೋಗುವವರೆಗೆ ಕಾದೆ.

ಕೇಳಿದ್ದಕ್ಕೆ ಉತ್ತರ. ಆ ವರ್ಷ ಮಾರ್ಚಿನಲ್ಲಿ ಹಗೇವು ತುಂಬುವಾಗ ಬುಟ್ಟಿ ಎತ್ತಿಕೊಟ್ಟವಳು ನಾನೇ. ಸುತ್ತಲೂ ಜೋಳದ ಒಣ ದಂಟಿನ ಕಣಿಕೆ ನಿಲ್ಲಿಸಿ, ತಳಕ್ಕೆ ಹೊಟ್ಟು ಹಾಸಿ, ಕುತ್ತಿಗೆಯವರೆಗೆ ಜೋಳ ಸುರಿದೆವು. ಶ್ರಾವಣದಲ್ಲಿ ತೆರೆದದ್ದೇ ಮೊದಲ ಸಲ. ಅಷ್ಟರಲ್ಲಿ ಜೋಳ ಒಂದು ಮೊಳ ಇಳಿದಿತ್ತು. ಇದನ್ನು ಹೇಳಿದವರು ನಮ್ಮ ಓಣಿಯ ಅಮಾತೆಪ್ಪ. ನಿನ್ನ ಅಣ್ಣನನ್ನು ಮೇಲೆತ್ತಿದ್ದು ಅವರೇ. ಬಗ್ಗಿ ಕೈ ಚಾಚಿದರೆ ಭುಜ ಸಿಕ್ಕಿತು, ಹಗ್ಗ ಬೇಕಾಗಲಿಲ್ಲ ಎಂದರು. ನಿನ್ನ ಅಣ್ಣ ಜೋಳದ ಮೇಲೆ ಮಲಗಿದಂತೆ ಇದ್ದರಂತೆ. ಇದನ್ನು ನಾನು ಅವರ ಬಾಯಿಂದ ಕೇಳಿದ್ದು ಇದೇ ಮೊದಲು. ಇಷ್ಟು ವರ್ಷ ಅವರು ನಮ್ಮ ಮನೆಯ ಮುಂದೆಯೇ ಹೊಲಕ್ಕೆ ಹೋಗಿ ಬರುತ್ತಿದ್ದರು. ನಾನು ಕೇಳಿರಲಿಲ್ಲ.

ಕಲ್ಲು ತೆಗೆದು ಒಂದು ದಿನವಾದರೂ ಬಿಡಬೇಕಾಗಿತ್ತು. ಮೋಡ ಕವಿದಿತ್ತು, ಮಳೆ ಬಿದ್ದರೆ ಜೋಳ ಕೆಡುತ್ತದೆಂದು ನಿನ್ನ ಅಣ್ಣ ಅವಸರ ಮಾಡಿದರು. ದೀಪ ಇಳಿಸಲಿಲ್ಲ.

ಮೊದಲ ಪತ್ರದ ವಿಷಯ ಅತ್ತೆಗೆ ಹೇಳಿಲ್ಲ. ಸಿನಿಮಾದಿಂದ ಆ ದನಿ ತೆಗೆಯಲು ನೀನು ಸಿದ್ಧಳಿರುವೆ ಎಂದು ಮಾತ್ರ ಹೇಳಿದೆ. ಅವರು ಹೇಳಿದ್ದು: "ತಗೀಬ್ಯಾಡನ್ನು. ಇಷ್ಟ ದಿನ ನನ್ನೊಬ್ಬಾಕಿ ಕಿವ್ಯಾಗ ಇತ್ತು. ಇನ್ನ ಮಂದಿ ಕಿವ್ಯಾಗೂ ಇರ್ಲಿ."

ಬಸವೇಶ್ವರಿ


ಹೈದರಾಬಾದ್
9 ಮಾರ್ಚ್ 2025

ವೈನಿ,

ಮಿಕ್ಸಿಂಗ್ ಮುಗಿಯಿತು. ಅವ್ವ ಹೇಳಿದಂತೆ ಬಿಟ್ಟಿದ್ದೇನೆ. ಸಿನಿಮಾದಲ್ಲಿ ಹಗೇವು ಮೂರು ಕಡೆ ಬರುತ್ತದೆ.

ಆಮೇಲೆ ಸ್ಟುಡಿಯೋದಲ್ಲಿ ಒಂದು ಕೆಲಸ ಮಾಡಿದೆ. ನವೀದ ಅದನ್ನು ಯಾರಿಗೂ ಹೇಳಬಾರದೆಂದು ಬೇಡಿಕೊಂಡಿದ್ದಾನೆ, ನಮ್ಮ ಹೆಸರು ಕೆಡುತ್ತದಂತೆ. ನೀರಿನ ದೊಡ್ಡ ಡ್ರಮ್ಮು ತರಿಸಿ, ಒಳಗೆ ಹುಲ್ಲು ಸುತ್ತಿ, ಪೇಟೆಯಿಂದ ಜೋಳ ತಂದು ಬಾಯಿಗೆ ಒಂದು ಮೊಳ ಉಳಿಯುವಂತೆ ಸುರಿದೆವು. ಜೋಳದ ಮೇಲೆ ಸ್ಪೀಕರ್ ಇಟ್ಟು ನನ್ನ ಕೂಗನ್ನು ಅದರಿಂದ ಹೊರಡಿಸಿದೆವು. ಜೋಳ ಸದ್ದು ಕುಡಿಯುತ್ತದೆ ವೈನಿ. ಅನುರಣನವೇ ಇಲ್ಲ. ಗೋಡೆಯಾಚೆ ಕುಳಿತ ನವೀದನಿಗೆ ಕನ್ನಡ ಅಷ್ಟಕ್ಕಷ್ಟೆ, ಆದರೂ "ಯವ್ವಾ, ಹಗ್ಗ ಒಗಿ" ಎಂದು ತಪ್ಪಿಲ್ಲದೆ ಬರೆದುಕೊಟ್ಟ. ಆಮೇಲೆ ಅದೇ ಜಾಗದಿಂದ ಒಂದು ಹಾಡು ಹಾಕಿದೆ. ಅದನ್ನು ಹಾಡು ಎಂದು ಬರೆದ.

ಇದರ ಅರ್ಥ ಇಷ್ಟು. ಆ ದಿನ ಅಣ್ಣ ಒಳಗಿನಿಂದ ಕರೆದಿದ್ದರೆ ಅದು ಮಾತಾಗಿಯೇ ಅಡಿಗೆಮನೆಗೆ ಮುಟ್ಟುತ್ತಿತ್ತು. ಅವ್ವನಿಗೆ ಮುಟ್ಟಿದ್ದು ಹಾಡು. ಹಾಗಾದರೆ ಅವನು ಹಾಡುತ್ತಿದ್ದ. ಕಲ್ಲು ಸರಿಸಿ, ಬಾಯಿಯ ಹತ್ತಿರ ಕುಳಿತು, ಗಾಳಿ ಆಡಲಿ ಎಂದು ಕಾಯುತ್ತ ಹಾಡಿರಬೇಕು. ಆಮೇಲೆ ಬಗ್ಗಿದ್ದಾನೆ. ಕೂಗಲು ಉಸಿರೇ ಇರಲಿಲ್ಲ.

ಹವಾಲ್ದಾರನಿಗೆ ಅವ್ವ ಕೊಟ್ಟದ್ದು ಸಾಕ್ಷಿ. ಕೇಳಿಸಿದ್ದನ್ನು ಕೇಳಿಸಿದಂತೆ ಹೇಳಿದಳು. ಓಣಿಯವರು ಅದನ್ನು ತಪ್ಪೊಪ್ಪಿಗೆ ಎಂದು ತಿಳಿದರು. ನಾನೂ ಹಾಗೆಯೇ ತಿಳಿದೆ, ದನಿಯ ಕೆಲಸ ಮಾಡುವವಳು. ಕೊನೆಗೆ ಅವಳೂ ನಮ್ಮಂತೆಯೇ ತಿಳಿದುಕೊಂಡಳು.

ಆದರೆ ಇದು ಡ್ರಮ್ಮು. ಹಗೇವು ಇದರ ಎಷ್ಟೋ ಪಟ್ಟು ದೊಡ್ಡದು, ಕಲ್ಲು ಕಟ್ಟಿದ್ದು. ಅಲ್ಲಿ ಬೇರೆ ರೀತಿ ಆಗಲಾರದು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಸುಳ್ಳು ಬೇಡ ಎಂದಿದ್ದಾಳಲ್ಲ, ಅದಕ್ಕೇ ಇದನ್ನೂ ಬರೆದೆ. ಈ ಪತ್ರವನ್ನು ಪೂರ್ತಿ ಓದಿ ಹೇಳಿ.

ಪದ್ಮಶ್ರೀ


ಗುಡೂರು
24 ಮಾರ್ಚ್ 2025, ಸೋಮವಾರ

ಪದ್ಮಶ್ರೀ,

ಹಗೇವು ತೆರೆಯಲಾಗಿದೆ. ಶನಿವಾರ ಬೆಳಿಗ್ಗೆ ಅಮಾತೆಪ್ಪ ಇಬ್ಬರು ಆಳುಗಳೊಂದಿಗೆ ಬಂದು ಒರಳು ಉರುಳಿಸಿ ಕಲ್ಲು ಸರಿಸಿದರು. ಮೊದಲ ದಿನ ಇಳಿಸಿದ ದೀಪ ಅರ್ಧಕ್ಕೆ ಆರಿತು. ಇಂದು ಬೆಳಿಗ್ಗೆ ತಳದವರೆಗೆ ಉರಿಯಿತು. ಜೋಳವನ್ನು ಆ ಶ್ರಾವಣದಲ್ಲೇ ತೆಗೆಸಿ ಕಲ್ಲು ಮುಚ್ಚಿಸಿದ್ದರಿಂದ ಒಳಗೆ ಸ್ವಲ್ಪ ಹಳೆಯ ಹೊಟ್ಟು, ಒಂದು ಹರಿದ ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ.

ನಿನ್ನ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಅಬೇದಾ ಕಣ್ಣೊರೆಸಿಕೊಳ್ಳುತ್ತ, "ಕೇಳಿದ್ರೆಲ್ಲ ಅವ್ವಾರ? ಇನ್ನರ ಅರಾಮ ಇರ್ರಿ" ಎಂದಳು. ಅತ್ತೆ ಅವಳನ್ನೇ ನೋಡಿ, "ಡ್ರಮ್ಮು ಹಗೇವ ಅಲ್ಲ" ಎಂದರು. ಆಮೇಲೆ ನನಗೆ ಹೇಳಿದರು:

"ಆಕೀನs ಬರಾಕ ಹೇಳು. ಹೊಸಾ ಜೋಳ ಅಷ್ಟs ತುಂಬ್ರಿ. ಆಕಿ ಅದರ ಮ್ಯಾಲ ಕುಂದರ್ಲಿ. ಹಾಡ್ಲಿ, ಒದರ್ಲಿ. ಯಾವ್ದು ಮೊದಲ ಅಂತ ನನಗ ಹೇಳಬ್ಯಾಡ್ರಿ. ನಾ ಒಲಿ ಮುಂದ ಕುಂತು ಹೇಳ್ತೀನಿ."

"ಒದರಿದ್ದೂ ಹಾಡಿದಂಗ ಕೇಳಿಸಿದ್ರ, ಅತ್ತಿ?" ಎಂದು ಕೇಳಿದೆ.

"ಕೇಳಿಸಿದ್ರ ಕೇಳಿಸ್ಲಿ. ಗೊತ್ತರ ಆಗ್ತೈತಿ."

ನಮ್ಮ ಜೋಳ ಕುತ್ತಿಗೆಯವರೆಗೆ ಸಾಲುವುದಿಲ್ಲ. ಉಳಿದದ್ದನ್ನು ಅಬೇದಾಳ ಮನೆಯವರು ತಮ್ಮ ರಾಶಿಯಿಂದ ಹಾಕುತ್ತಾರೆ, ಎಲ್ಲ ಮುಗಿದ ಮೇಲೆ ಅಳೆದುಕೊಂಡು ಒಯ್ಯುತ್ತಾರೆ. ಏಪ್ರಿಲ್ 1ರ ಮಂಗಳವಾರ ಕಣಿಕೆ ನಿಲ್ಲಿಸುವುದು, ಬುಧವಾರ ತುಂಬುವುದು. ಆ ವರ್ಷದಂತೆಯೇ ಒಂದು ಮೊಳ ಬಿಡಲು ಅಮಾತೆಪ್ಪರಿಗೆ ಹೇಳಿದ್ದೇನೆ. ತುಂಬಿದ ಮೇಲೆ ಕಲ್ಲು ಮುಚ್ಚುವುದಿಲ್ಲ. ನೀನು ಇಳಿಯುವ ಮೊದಲು ಮತ್ತೆ ದೀಪ ಇಳಿಸಿ ನೋಡುತ್ತಾರೆ. ನಡುವಿಗೆ ಹಗ್ಗ ಇರುತ್ತದೆ, ಅದನ್ನು ಅವರೇ ಹಿಡಿಯುತ್ತಾರೆ.

ಏಪ್ರಿಲ್ 3, ಗುರುವಾರ, ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಂಡಿದ್ದೇವೆ. ಆ ಹೊತ್ತಿಗೆ ಅತ್ತೆ ರೊಟ್ಟಿ ಬಡಿಯುತ್ತಿರುತ್ತಾರೆ, ಅಡಿಗೆಮನೆಯ ಕಿಟಕಿ ಅರ್ಧ ತೆರೆದಿರುತ್ತದೆ. ಗುರುವಾರ ನಾನು ಗ್ರಂಥಾಲಯಕ್ಕೆ ರಜೆ ಹಾಕಿದ್ದೇನೆ. ಅವರ ಪಕ್ಕದಲ್ಲಿ ಕುಳಿತಿರುತ್ತೇನೆ.

ನಿನ್ನ ವೈನಿ,
ಬಸವೇಶ್ವರಿ